ಒರಟು ಅಕ್ಷರದಕ್ಕ

ಆಮೇಲೆ ಬೀದಿಯವರೆಲ್ಲ ಅಕ್ಷರದಕ್ಕ ಎಂದು ಕರೆದ ಹುಡುಗಿ ನಮ್ಮ ಮಹಡಿಗೆ ಬಾಡಿಗೆಗೆ ಬಂದ ದಿನವೇ, ತುದಿ ಜಜ್ಜಿದ ಕಡ್ಡಿಯನ್ನು ಮಸಿಯಲ್ಲಿ ಅದ್ದಿ ಮೊರದಗಲದ ‘ಅ’ ಬರೆದದ್ದನ್ನು ಬಾಗಿಲಲ್ಲೇ ನಿಂತು ನೋಡಿದೆ. ಒಂದೊಂದು ಅಕ್ಷರವನ್ನೂ ನೂರು ಸಲ ಬರೆಯುವಳು. ಅಂದವಾಗಿ ಬಂದದ್ದನ್ನೆಲ್ಲ “ಇದಕ್ಕೆ ಉಸಿರೇ ಇಲ್ಲ” ಎಂದು ಹರಿಯುವಳು. ಅಂಚು ಚಿಂದಿಯಾಗಿ, ಹೊಟ್ಟೆ ಓರೆಯಾಗಿ ಬಂದದ್ದು ಮಾತ್ರ ಕಂಪ್ಯೂಟರಿಗೆ ಹೋಗಿ, ಯಾರು ಬೇಕಾದರೂ ಅಚ್ಚು ಹಾಕಿಸುವ ಫಾಂಟಾಗುವುದು. ಆಮೇಲೆ ಅದೇ ಅಕ್ಷರ ಅಂಗಡಿ ಬೋರ್ಡು, ಬಸ್ಸಿನ ಬೆನ್ನು, ಪುಸ್ತಕದ ರಟ್ಟು, ಎಲ್ಲೆಲ್ಲೂ ಎದ್ದು ನಿಲ್ಲುವುದು; ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನೂ ಬೀದಿಯ ಆಚೆಯಿಂದ ಕೂಡಿಸಿ ಓದಿ ಬೆರಗಾಗುವೆ. “ನಿನ್ನ ಅಕ್ಷರ ಕೂಗಿ ಕರೆಯುತ್ತೆ ಕಣೇ” ಅಂದರೆ, “ನಿಮಗೆ ಕೇಳಿಸಿತಲ್ಲ ದೊಡ್ಡಮ್ಮ, ಸಾಕು” ಎಂದು ನಗುವಳು. ಬರಬರುತ್ತಾ ಅವಳ ಅಕ್ಷರಗಳು ಗೋಡೆಯಷ್ಟಗಲ ಬೆಳೆದವು. ತನ್ನ ಕಣ್ಣು ಪೂರ್ತಿ ಮಂಜಾಗುವ ಮೊದಲು ‘ಳ’ವರೆಗೂ ಮುಗಿಸಬೇಕೆಂದು ನನಗೊಬ್ಬಳಿಗೇ ಹೇಳಿದ್ದಳು. ಮುಗಿಸಿದಳು ಕೂಡ. ಮನೆ ಬಿಟ್ಟು ಹೊರಟ ದಿನ, ಎದುರಂಗಡಿಯ ಕಡೆ ಮುಖ ಮಾಡಿ, ನನ್ನ ಕೈ ಹಿಡಿದು ಕೇಳಿದಳು: “ದೊಡ್ಡಮ್ಮ, ಆ ಹೊಸ ಬೋರ್ಡಲ್ಲಿರೋದು ನನ್ನಕ್ಷರ ತಾನೇ?”