ಕೊನೆಯ ಹೊಲಕ್ಕೆ ಮೊದಲ ನೀರು

ಬೆಳಕು ಹರಿಯುವ ಮುನ್ನವೇ ಹೊಲಗಳಿಗೆ ನೀರು ಹಂಚುವ ಊರವರ ನೀರಕ್ಕ ಕಾಲುವೆಯ ದಂಡೆ ಹಿಡಿದು ಹೊರಟಿದ್ದಾರೆ. ಹೆಗಲ ಮೇಲೆ ಸನಿಕೆ, ಕಾಲಿಗೆ ಗಂಡನ ಹಳೆಯ ರಬ್ಬರ್ ಬೂಟು. ಕಾಲುವೆಗೆ ನಲವತ್ತೊಂದು ಹಲಗೆಬಾಗಿಲು, ಹೊಲಕ್ಕೊಂದರಂತೆ. ಮೊದಲನೆಯದನ್ನು ಅವರು ತೆರೆಯುವುದಿಲ್ಲ. ಭದ್ರವಾಗಿ ಮುಚ್ಚಿದೆಯೇ ಎಂದು ಕಾಲಿನಿಂದ ಒತ್ತಿ ನೋಡುತ್ತಾರೆ. ಅಲ್ಲೇ ಹಲ್ಲುಜ್ಜುತ್ತ ನಿಂತ, ಆ ಹೊಲದ ಒಡೆಯನಾದ ಮೈದುನ ಕೆಣಕುತ್ತಾನೆ.

“ಏನತ್ತಿಗೆ, ನೀರು ನಮ್ಮ ಮುಂದೆನೇ ಹೋಗುತ್ತೆ, ನಮಗೆ ಮಾತ್ರ ಮುಖ ತೊಳೆಯೋಕೂ ಇಲ್ಲ.”

“ನಿಮ್ಮಜ್ಜ ಸ್ವಲ್ಪ ಬೇಗ ಬರಬೇಕಿತ್ತಪ್ಪಾ.”

ಊರಿನ ಚರಿತ್ರೆ ಆ ಮಾತಿನಲ್ಲೇ ಇದೆ. ಮೊದಲು ಬಂದವರು ಈಗ ಕಾಲುವೆಯ ತುದಿಯಿರುವ ತಗ್ಗಿನ ಕಪ್ಪು ಮಣ್ಣಿನಲ್ಲಿ ನೇಗಿಲು ಹೂಡಿದರು. ಮೇಲಿನ ದಿಬ್ಬದ ಕಲ್ಲುನೆಲ ಹಸನಾದದ್ದು ಎರಡು ತಲೆಮಾರಿನ ನಂತರ. ಹೊಲಗಳು ಹುಟ್ಟಿದ ಕ್ರಮದಲ್ಲೇ ನೀರಿನ ಸರದಿ. ನೀರಕ್ಕನ ಸ್ವಂತ ಹೊಲ ಮೇಲಿನಿಂದ ಎರಡನೆಯದು.

ಇಪ್ಪತ್ತಾರು ವರ್ಷದ ಹಿಂದೆ ಅತ್ತೆಯ ಕೈಯಿಂದ ಈ ಕೆಲಸ ಬಂದಾಗ, ಹತ್ತಿರವಿದೆಯೆಂದು ಮೊದಲ ಬಾಗಿಲನ್ನೇ ಎತ್ತಿಬಿಟ್ಟಿದ್ದರಂತೆ. ಅತ್ತೆ ಬೈಯಲಿಲ್ಲ. ಕಾಲುವೆಯ ತುದಿಗೆ ಕರೆದೊಯ್ದು, ಒಣಗಿದ ತಳದ ಬಿರುಕಿನಲ್ಲಿ ಮಣಿಕಟ್ಟಿನವರೆಗೆ ಕೈ ಇಳಿಸಿ ತೋರಿಸಿದರು. “‘ಮೊದ್ಲು ಈ ಬಾಯೆಲ್ಲ ಮುಚ್ಚು, ಆಮೇಲೆ ಯಾರಿಗೆ ಬೇಕಾದ್ರೂ ಕೊಡು’ ಅಂದ್ರು,” ಎಂದು ನೀರಕ್ಕ ನೆನೆಯುತ್ತಾರೆ. ತುಂಬು ನೀರು ಒಮ್ಮೆ ತುದಿ ಮುಟ್ಟಿದರೆ ಜೇಡಿ ಉಬ್ಬಿ ಬಿರುಕು ಕೂಡಿಕೊಳ್ಳುತ್ತದೆ, ಮುಂದೆ ಸೋರುವುದು ಅತ್ಯಲ್ಪ.

ಈ ವರ್ಷ ಬಂದ ಹೊಸ ನಕ್ಷೆ ಹೊಲಗಳಿಗೆ ಮೇಲಿನಿಂದ ಸಂಖ್ಯೆ ಕೊಟ್ಟಿತು. ನೀರನ್ನೂ ಅದೇ ಕ್ರಮದಲ್ಲಿ ಬಿಡಬೇಕೆಂದಿತು ನೀರಾವರಿ ಕಚೇರಿ. ಹಾಗೆಯೇ ಬಿಟ್ಟರು, ಹತ್ತನೆಯ ದಿನ ಮೂವತ್ತಾರನೆಯ ಹೊಲದ ಬಳಿ ನೀರು ಇಂಗಿಹೋಯಿತು. ಉಳಿದ ಐದನ್ನು ಕಚೇರಿ ಒಣಭೂಮಿಯೆಂದು ಬರೆದರೆ ಅವುಗಳಿಗೆ ಸರದಿಯೇ ಇಲ್ಲ. ಬರೆಯುವ ಮುನ್ನ ತುದಿಯಿಂದ ಶುರುವಾಗುವ ತಮ್ಮ ಹಳೆಯ ಕ್ರಮಕ್ಕೆ ಮೂರು ದಿನ ಕೊಡಿ ಎಂದು ನೀರಕ್ಕ ಕೇಳಿಕೊಂಡರು. ಇಂದು ಮೂರನೆಯ ದಿನ.

ಉಳಿದ ಬಾಗಿಲುಗಳನ್ನೂ ಒತ್ತಿ ನೋಡಿ ನೀರಕ್ಕ ತುದಿ ತಲುಪಿದಾಗ, ನಕ್ಷೆ ಮಾಡಿದ ಇಂಜಿನಿಯರ್ ಅಲ್ಲಿ ಅಳತೆಕೋಲು ನೆಟ್ಟು ಕುಳಿತಿದ್ದಾನೆ. ನೀರು ಬರುತ್ತದೆ, ಒಣಹುಲ್ಲು ಮತ್ತು ನೊರೆಯನ್ನು ಮುಂದೆ ತಳ್ಳಿಕೊಂಡು. ಕೋಲಿನ ಬುಡ ನೆನೆಯುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಗೇಣು ಏರುತ್ತದೆ.

ಅವನು ಪೆನ್ಸಿಲ್ ತೆಗೆಯುತ್ತಾನೆ. “ಈ ಹೊಲಕ್ಕೇ ಒಂದನೇ ನಂಬರ್ ಕೊಡ್ಲಾ ಅಕ್ಕಾ?”

“ನಂಬರ್ ನಿಮ್ಮಿಷ್ಟ ಸಾರ್,” ನೀರಕ್ಕ ಹಲಗೆ ಎತ್ತುತ್ತಾರೆ. “ಇಲ್ಲೊಂದು ಬಾಣದ ಗುರುತು ಹಾಕಿ, ಸಾಕು. ನನ್ನ ನಂತರ ಬರೋಳು ಇಲ್ಲಿಂದ ಶುರು ಮಾಡ್ಲಿ.”