ಮಿಸೈಲಿಗೆ ಯಾರಾದರೂ ‘ಹೋಗ್ಬಿಟ್ಟು ಬಾ’ ಅಂತಾರಾ?

ನಮ್ಮಜ್ಜಿ ಹೋದ ತಿಂಗಳು ಒಂದು ಮಿಸೈಲಿಗೆ ‘ಹೋಗ್ಬಿಟ್ಟು ಬಾರಪ್ಪ’ ಅಂದಳು.

ನಗಬೇಡಿ. (ನಾನು ನಕ್ಕೆ. ಅದರ ಫಲ ಏನಾಯಿತು ಅನ್ನುವುದೇ ಈ ವಾರದ ಕಥೆ.)

ನನ್ನ ದೊಡ್ಡಪ್ಪನ ಮಗಳು ಅಶ್ವಿನಿ ಅಕ್ಕ ಮಿಸೈಲ್ ತಯಾರಿಸುವವರ ಪೈಕಿ ಒಬ್ಬಳು. ಆ ಮಿಸೈಲ್ ಪೂರ್ತಿ ನಮ್ಮ ದೇಶದಲ್ಲೇ ತಯಾರಾದದ್ದು. ‘ನಿನ್ನ ಕೆಲಸ ಅದರ ಯಾವ ಭಾಗದಲ್ಲಿ?’ ಅಂತ ಕೇಳಿದರೆ ‘ಹಾರೋ ಭಾಗ’ ಅನ್ನುತ್ತಾಳೆ. ಅಷ್ಟೇ. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಪರೀಕ್ಷಾ ಹಾರಾಟ ಇದ್ದಾಗ ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕಂತೆ. ಹಾಗಾಗಿ ಅವಳ ಫೋನ್ ಸ್ವಿಚ್ ಆಫ್ ಆಯಿತೆಂದರೆ ಗೆಂಡೆಹಳ್ಳಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಏನೋ ಹಾರಲಿದೆ. (ದೇಶದ ರಹಸ್ಯವನ್ನು ನಾವು ಇಷ್ಟು ಚೆನ್ನಾಗಿ ಕಾಪಾಡುತ್ತೇವೆ.)

ಒಳಗೆ ಹೋಗುವ ಮುಂಚೆ ಅಜ್ಜಿಗೊಂದು ಫೋನ್ ಮಾಡುವುದು ಅಕ್ಕನ ಪದ್ಧತಿ. ಅವತ್ತೂ ಮಾಡಿದಳು. ಸ್ಪೀಕರ್ ಆನ್ ಇತ್ತು.

“ಅಜ್ಜೀ, ಎರಡು ದಿನ ಫೋನ್ ಸಿಗಲ್ಲ. ನಮ್ದೊಂದು ಹೊರಡ್ತಾ ಇದೆ. ಒಳ್ಳೇ ಮಾತು ಹೇಳು.”

“ಹೊರಡ್ತೈತಾ? ಸುಖವಾಗಿ ಹೋಗ್ಬಿಟ್ಟು ಬಾರಪ್ಪ ಅಂತ ನಾನಂದೆ ಅಂತ ಹೇಳವ್ವ ಅದಕ್ಕೆ.”

ಅಜ್ಜಿಯ ತಪ್ಪಲ್ಲ. ಅವಳ ಬಾಯಿಂದ ‘ಹೋಗು’ ಅನ್ನುವ ಶಬ್ದ ಒಂಟಿಯಾಗಿ ಹೊರಟಿದ್ದನ್ನು ನಾವ್ಯಾರೂ ಕೇಳಿಲ್ಲ. ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚೈತೆ’. ದೀಪ ಆರಿಸಬೇಕಿದ್ದರೆ ‘ದೀಪ ದೊಡ್ಡದು ಮಾಡು’. ಇನ್ನು ಹಾಲಿನವನಿಂದ ಕರೆಂಟ್ ಬಿಲ್ಲಿನವನ ತನಕ ಎಲ್ಲರಿಗೂ ‘ಹೋಗ್ಬಿಟ್ಟು ಬಾ’.

ಆದರೆ ಹೊಟ್ಟೆಪಾಡಿಗೆ ಮಿಮಿಕ್ರಿ ಮಾಡುವ ನನ್ನಂಥವನ ಮುಂದೆ ಇಂಥ ಮಾತು ಆಡಬಹುದೇ? ಶುರು ಮಾಡಿದೆ. ಮಿಸೈಲ್ ಸಮುದ್ರದ ಮೇಲೆ ಹೋಗುತ್ತಿದ್ದಾಗ ಅಜ್ಜಿಯ ಮಾತು ನೆನಪಾಗಿ, ಯೂ ಟರ್ನ್ ಹೊಡೆದು, ಅರಸೀಕೆರೆಯಲ್ಲಿ ಇಳಿದು, ಹಳೇಬೀಡಿನ ಮೇಲೆ ಬೇಲೂರು ಬಸ್ ಸ್ಟ್ಯಾಂಡಿಗೆ ಬಂದು, “ಅಣ್ಣಾ, ಗೆಂಡೆಹಳ್ಳಿ ಬಸ್ ಹೋಯ್ತಾ?” ಅಂತ ಕೇಳುವ ಸೀನ್. ಬುಸ್ ಬುಸ್ ಹೊಗೆಯೂ ನಾನೇ, “ಬಾಲ ಒಳಗೆ ಎಳ್ಕೊಳಯ್ಯ, ಬಾಗ್ಲು ಹಾಕ್ಬೇಕು!” ಅನ್ನುವ ಕಂಡಕ್ಟರೂ ನಾನೇ. ಮನೆಯವರು ಬಿದ್ದು ಬಿದ್ದು ನಕ್ಕರು. ಅಜ್ಜಿಯೂ ನಕ್ಕಳು.

ಎರಡು ದಿನ ಬಿಟ್ಟು ಅಕ್ಕನ ಫೋನ್ ಬಂತು. ದನಿ ಸಣ್ಣಗಿತ್ತು. “ಹಾರ್ಲಿಲ್ಲ. ಕೌಂಟ್‌ಡೌನ್ ನಡೀತಿರುವಾಗ್ಲೇ ನಿಲ್ಲಿಸಿಬಿಟ್ರು.”

ಅಜ್ಜಿ ಎದ್ದು ಒಳಗೆ ಹೋದಳು. “ನನ್ ಬಾಯಿಂದ್ಲೇ ನಿಂತೋಯ್ತು. ಹೋಗೋದಕ್ಕೆ ಬಾ ಅಂದ್ನಲ್ಲ!”

“ಅಯ್ಯೋ, ನಾನು ತಮಾಷೆಗೆ ಮಾಡಿದ್ದು ಕಣಜ್ಜಿ.”

“ನೀನ್ ಮಾಡಿದ್ದು ತಮಾಷೆ ಕಣ್ಲಾ. ಆಗಿದ್ದು ತಮಾಷೆನಾ?”



ಕೆಲವು ವಾರ ಕಳೆದು ಮತ್ತೆ ಹಾರಾಟದ ಸಮಯ ಬಂತು. ಮತ್ತೆ ಅಕ್ಕನ ಫೋನ್. ಅಜ್ಜಿ ಹತ್ತಿರವೇ ಸುಳಿಯಲಿಲ್ಲ. “ನಾ ಮಾತಾಡಲ್ಲ. ಈ ಸಲನೂ ಕೆಟ್ರೆ ಆ ಮಗೀನ ಗತಿ ಏನು?” ಅಂತ ಬಾಗಿಲ ಹಿಂದೆ ನಿಂತಳು. ಎಷ್ಟೋ ಹಬ್ಬಕ್ಕೆ ಮನೆಗೆ ಬಾರದೆ ಅಕ್ಕ ಮಾಡಿದ ಕೆಲಸ ಅದು. ಆ ಕಡೆ ಅವಳು ಕಾಯುತ್ತಿದ್ದಾಳೆ. ದೊಡ್ಡಮ್ಮ ಫೋನನ್ನು ನನ್ನ ಕೈಗೆ ತುರುಕಿ ಪಿಸುಗುಟ್ಟಿದರು, “ಅಜ್ಜಿ ಥರ ನೀನೇ ಎರಡು ಮಾತಾಡೋ!”

ಗಂಟಲು ಸರಿ ಮಾಡಿಕೊಂಡೆ. “ಏನವ್ವಾ ಅಸ್ವಿನೀ, ಉಂಡ್ಯಾ?”

“ಲೋ ಮಂಗ, ಅಜ್ಜೀಗೆ ಕೊಡೋ.”

(ನನ್ನ ವೃತ್ತಿಜೀವನದ ಅತಿ ಚಿಕ್ಕ ಪ್ರೋಗ್ರಾಂ.)

ನಾನು ನಡೆದದ್ದನ್ನು ಹೇಳಿದೆ. ಬಾಗಿಲ ಹಿಂದಕ್ಕೂ ಕೇಳಿಸುವಷ್ಟು ಜೋರಾಗಿ ಅಕ್ಕ ಕೂಗಿದಳು. “ಅಜ್ಜೀ, ನಿಲ್ಸಿದ್ದು ನಿನ್ ಬಾಯಲ್ಲ, ಗಾಳಿ! ಮೇಲೆ ಗಾಳಿ ಸರಿ ಇರ್ಲಿಲ್ಲ. ಹಾರ್ಸಿದ್ರೆ ಸುಮ್ನೆ ಕಳ್ಕೋತಿದ್ವಿ. ನೀನು ಹೋಗ್ಬಿಟ್ಟು ಬಾ ಅಂದಿದ್ದಕ್ಕೆ ಇಡಿಯಾಗಿ ವಾಪಸ್ ಶೆಡ್ಡಿಗೆ ಬಂತು ಕಣಜ್ಜಿ!”

ಅಜ್ಜಿ ಹೊರಗೆ ಬಂದು ಫೋನ್ ತೆಗೆದುಕೊಂಡಳು. ಈಗ ಏನು ಹೇಳುವುದು? ‘ಹೋಗ್ಬಿಟ್ಟು ಬಾ’ ಅನ್ನುವಂತಿಲ್ಲ. ‘ಹೋಗು’ ಅನ್ನಲು ಬಾಯಿ ಬಾರದು. ತುಟಿ ಅಲ್ಲಾಡಿತು, ನಿಂತಿತು. ಮತ್ತೆ ಅಲ್ಲಾಡಿತು. ನಮ್ಮ ನಡುಮನೆಯಲ್ಲೇ ಕೌಂಟ್‌ಡೌನ್.

“ನೀನು ಹೋಗ್ಬಿಟ್ಟು ಬಾ ಕಣವ್ವ,” ಅಂದಳು ಕೊನೆಗೆ. “ಅದು... ಸೇರ್ಲಿ.”

ಸೇರಲಿ! ಎಲ್ಲಿಗೆ ಅಂತ ಹೊರಟಿತೋ ಅಲ್ಲಿಗೆ ಮುಟ್ಟಲಿ. ದಿನಕ್ಕೆ ಹತ್ತು ಜನರ ದನಿ ಕದಿಯುವ ನನಗೆ ಈ ಒಂದು ಪದ ಹೊಳೆದಿರಲಿಲ್ಲ ನೋಡಿ.

ಫೋನ್ ಸ್ವಿಚ್ ಆಫ್ ಆಯಿತು. ನಮ್ಮ ಮನೆಯಲ್ಲಿ ಯಾರಿಗೂ ಮುದ್ದೆ ಇಳಿಯಲಿಲ್ಲ. ಆಮೇಲೆ ಟೀವಿಯಲ್ಲಿ ಬೆಂಕಿ, ಹೊಗೆ, ಆಕಾಶದಲ್ಲೊಂದು ಬಿಳಿ ಗೆರೆ. ‘ಪರೀಕ್ಷೆ ಯಶಸ್ವಿ’ ಅಂತ ಒಂದು ಸಾಲು. ಯಾರ ಹೆಸರೂ ಇಲ್ಲ. ಅಕ್ಕನ ಮೆಸೇಜು ಅದಕ್ಕಿಂತ ಚಿಕ್ಕದು: ‘ಸೇರ್ತು.’ ನನ್ನ ಸ್ವಂತ ದನಿಯಲ್ಲಿ ಅಜ್ಜಿಗೆ ಓದಿ ಹೇಳಿದೆ. (ಅದು ಅಷ್ಟೇನೂ ಚೆನ್ನಾಗಿಲ್ಲ, ಆದರೂ.) ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಬ್ಬ ಬಿಟ್ಟು, ಫೋನು ಗೇಟಿನಲ್ಲಿಟ್ಟು, ಹೆಸರಿಲ್ಲದೆ ದುಡಿಯುವ ಅಷ್ಟೂ ಜನಕ್ಕೆ ಈ ವಾರ ನನ್ನ ನಮಸ್ಕಾರ. ಗಾಳಿ ಸರಿಯಿಲ್ಲ ಅಂತ ಕಂಡಾಗ, ಎಲ್ಲರೂ ನೋಡುತ್ತಿರುವಾಗ, ‘ನಿಲ್ಲಿಸಿ’ ಅಂದ ಆ ಪುಣ್ಯಾತ್ಮರಿಗೆ ಇನ್ನೊಂದು. ಈ ಸಾಲುಗಳಲ್ಲಿ ತಮಾಷೆ ಇಲ್ಲ.

ಸಂಜೆ ಅಜ್ಜಿ ಕೇಳಿದಳು, “ಪಾಸಾಯ್ತಲ್ಲ, ಇನ್ನೇನ್ ಮಾಡ್ತಾರ್ಲಾ ಅದನ್ನ?”

“ಅಂಥವೇ ಇನ್ನಷ್ಟು ಮಾಡಿ ಇಟ್ಕೋತಾರಜ್ಜಿ. ಯುದ್ಧ ಬಂದ್ರೆ ಕೆಲಸಕ್ಕೆ ಕರೀತಾರೆ.”

ಅಜ್ಜಿ ಎರಡೂ ಕೈ ಮುಗಿದಳು. “ಆ ಕೆಲಸ ಬರೋದೇ ಬ್ಯಾಡಪ್ಪ. ಪಾಸಾಗಿ ಸುಮ್ಕೆ ಮನೇಲಿ ಕೂತಿರ್ಲಿ, ತಣ್ಣಗೆ.”

ಡಿಗ್ರಿ ಪಾಸಾಗಿ ನಾನು ಸುಮ್ಮನೆ ಮನೆಯಲ್ಲಿ ಕೂತಿದ್ದಾಗ ಈ ಆಶೀರ್ವಾದ ಎಲ್ಲಿಗೆ ಹೋಗಿತ್ತಜ್ಜೀ?