ಮೂರು ಉಸಿರಿನ ಪದ್ಧತಿ

ಅಮ್ಮ ಉಳುಕು ತೆಗೆಯುವವಳು. ಕೈಕಾಲು ಉಳುಕಿಸಿಕೊಂಡವರು ಬೆಳಿಗ್ಗೆಯೇ ನಮ್ಮ ಮನೆಯ ಬೆಂಚಿನ ಮೇಲೆ ಮುಖ ಹಿಂಡಿಕೊಂಡು ಕೂತಿರುತ್ತಿದ್ದರು. ಅಮ್ಮ ಎಣ್ಣೆ ಸವರಿ, "ಹೆಂಡ್ತಿ ಕೈಲಿ ಏಟು ತಿಂದ್ಯೇನೋ?" ಎಂದು ಕೇಳಿ, ಅವರು ನಗುವಷ್ಟರಲ್ಲಿ ಒಂದೇ ಪಟ್ಟಿಗೆ ಎಳೆದುಬಿಡುತ್ತಿದ್ದಳು. ಆಮೇಲೆ ಅವಳ ಶ್ವಾಸಕೋಶ ಕೆಟ್ಟಿತು. ಎಳೆಯುವ ಮಧ್ಯೆ ದಮ್ಮು ಸಾಲದೆ ನಿಲ್ಲಿಸಿ, ಮೂರು ಸಲ ಉಸಿರೆಳೆದುಕೊಂಡು ಮುಂದುವರಿಸುತ್ತಿದ್ದಳು.

ವಿಶ್ವವಿದ್ಯಾಲಯದ ಮೇಡಂ ಬಂದದ್ದು ಆಗಲೇ. ನಮ್ಮಂಥವರು ಬಲ್ಲದ್ದೂ ವಿದ್ಯೆಯೇ, ಅದು ಸಮಾಜಶಾಸ್ತ್ರದ ಪುಸ್ತಕಕ್ಕೆ ಸೇರಲೇಬೇಕು ಎಂಬುದು ಅವರ ಹಟ. ಒಂದು ವರ್ಷ ನಮ್ಮಲ್ಲೇ ಇದ್ದು, ನೆಲ ಗುಡಿಸಿ, ಎಣ್ಣೆ ಕಾಯಿಸಿ, ಕಂಡದ್ದನ್ನೆಲ್ಲ ಬರೆದುಕೊಂಡರು. ಕೆಲಸದ ಹೊತ್ತಿನಲ್ಲಿ ಅಮ್ಮನನ್ನು ಮಾತಾಡಿಸುವಂತಿರಲಿಲ್ಲ, ಹಾಗಾಗಿ ಪ್ರಶ್ನೆಗಳೆಲ್ಲ ನನಗೆ.

"ನಿಮ್ಮಮ್ಮ ಮಧ್ಯದಲ್ಲಿ ಯಾಕೆ ನಿಲ್ಲಿಸ್ತಾರೆ?"

ಕಾಯಿಲೆ ಎಂದು ತಿಳಿದರೆ ಜನ ಬರಲಾರರು ಎಂದು ಹೆದರಿದೆ ಅಂತ ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಆ ಏದುಸಿರು ಕಂಡರೆ ನನಗೆ ನಾಚಿಕೆ. "ಅದು ನಮ್ಮ ಪದ್ಧತಿ ಮೇಡಂ" ಎಂದೆ. ಅವರ ಕಣ್ಣರಳಿತು.

ಪುಸ್ತಕ ಬಂತು. ಮೂರು ಉಸಿರಿಗೇ ಒಂದು ಅಧ್ಯಾಯ. ಓದಲು ಬಾರದ ಅಮ್ಮ ನನ್ನಿಂದ ಓದಿಸಿಕೊಂಡಳು. ಅಲ್ಲಿಗೆ ಬಂದಾಗ ನಾಲ್ಕು ಹಾಳೆ ಒಟ್ಟಿಗೆ ಮಗುಚಲು ನೋಡಿದೆ. ಅವಳ ಕಣ್ಣು ತಪ್ಪಿಸುವುದುಂಟೇ?

ಎಲ್ಲ ಕೇಳಿ, "ನನ್ನ ಏದುಸಿರು ನಿಂಗೆ ಅಷ್ಟು ನಾಚಿಕೆ ಆಗಿತ್ತೇನೇ?" ಎಂದಳು. ಪುಸ್ತಕ ಮುಚ್ಚಿಸಿ, "ನಿಲ್ಲಿಸಿದ್ರೆ ನೋವು ಎರಡರಷ್ಟು ಕಣೇ. ಕೈಲಾಗದೆ ನಿಲ್ಲಿಸ್ತಿದ್ದೆ. ಇನ್ನು ಓದಿದೋರೆಲ್ಲ ಹಾಗೇ ಎಳೀತಾರಲ್ಲ... ತಪ್ಪಾಯ್ತು ಅಂತ ಮೇಡಂಗೆ ಹೇಳಿಬಿಡು" ಎಂದಳು.

"ಹೇಳ್ತೀನಮ್ಮ" ಎಂದೆ. ನಾಳೆ, ನಾಡಿದ್ದು ಎನ್ನುತ್ತಾ ಎರಡು ವರ್ಷ ತಳ್ಳಿದೆ. ಅಮ್ಮ ಅಷ್ಟು ದಿನ ಉಳಿಯಲಿಲ್ಲ.

ಮೊನ್ನೆ ಮೇಡಂ ನನ್ನನ್ನು ತಮ್ಮ ತರಗತಿಗೆ ಕರೆಸಿದರು. ವಿದ್ಯಾರ್ಥಿನಿಯೊಬ್ಬಳು ಪುಸ್ತಕ ನೋಡಿಕೊಂಡು ಗೆಳತಿಯ ಮಣಿಕಟ್ಟು ಎಳೆದಳು, ನಿಲ್ಲಿಸಿದಳು, ಎದೆತುಂಬ ಮೂರು ಸಲ ಉಸಿರಾಡಿದಳು. ಅಷ್ಟು ಸಲೀಸಾದ ಉಸಿರು ಕೊನೆಯ ವರ್ಷಗಳಲ್ಲಿ ಅಮ್ಮನಿಗೆ ಒಂದು ದಿನವೂ ದಕ್ಕಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ನಿಲ್ಲಿಸಬೇಡಮ್ಮ. ಅದು ಪದ್ಧತಿ ಅಲ್ಲ. ನಮ್ಮಮ್ಮಂಗೆ ಉಸಿರು ಸಾಲ್ತಿರಲಿಲ್ಲ, ಅಷ್ಟೇ. ಸುಳ್ಳು ಹೇಳಿದ್ದು ನಾನು."

ಮೇಡಂ ವಿದ್ಯಾರ್ಥಿನಿಯ ಕೈಯಿಂದ ಪುಸ್ತಕ ತೆಗೆದುಕೊಂಡರು. ಆಮೇಲೆ ಆ ಪುಟ ತೆರೆದು, ಪೆನ್ನು ಹಿಡಿದು, "ಹೇಳಿ, ಏನಂತ ತಿದ್ದಲಿ?" ಎಂದರು.

ಪುಟದ ಕೆಳಗೆ, ಈ ವಿಷಯ ತಿಳಿಸಿದವರು ಎಂದು ಅಮ್ಮನ ಹೆಸರು ಅಚ್ಚಾಗಿತ್ತು.

"ಮೊದಲು ಅದನ್ನ ಹೊಡೆದುಹಾಕಿ, ನನ್ನ ಹೆಸರು ಬರೀರಿ" ಎಂದೆ.